ಸೋಸಿದ ಇ. ಕೊಲೈ ದ್ರವ ಹಾಕಿದರೂ ಹೀಲಾ ಕೋಶಗಳು ಜಿ2 ಹಂತದಲ್ಲಿ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡಿಎನ್ಎಗೆ ಹಾನಿ ಮಾಡುವ ಕೊಲಿಬ್ಯಾಕ್ಟಿನ್ ಎಂಬ ವಿಷ ತಯಾರಿಸುವ ಇ. ಕೊಲೈ ತಳಿ, ಕೋಶಗಳನ್ನು ಜಿ2ನಲ್ಲಿ (ವಿಭಜನೆಗೆ ಸ್ವಲ್ಪ ಮುಂಚಿನ ಹಂತ) ತಡೆಯುವುದನ್ನು ನೋಡಬೇಕು ಅಂತ ಹೊರಟಿದ್ದೇನೆ. ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ ಬೆಳೆಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳು) ಹಾಕಿದೆ. 72 ಗಂಟೆ ಆದರೂ ಏನೂ ಆಗಿಲ್ಲ. ಕೋಶಗಳು ಆರಾಮಾಗಿ ಬೆಳೆದು ಪ್ಲೇಟ್ ತುಂಬಿವೆ. ಸಿಡಿಟಿ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಟಾಕ್ಸಿನ್ ಮೇಲೆ ಕೆಲಸ ಮಾಡುವ ಪಕ್ಕದ ಲ್ಯಾಬಿನವರಿಗೆ ಇದೇ ವಿಧಾನದಲ್ಲಿ ಚೆನ್ನಾಗಿ ಬರುತ್ತದೆ. ದ್ರವ ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ:
ಬೇಡ, ಎಷ್ಟು ಹಾಕಿದರೂ ಅಷ್ಟೇ. ಸಿಡಿಟಿ ಪ್ರೋಟೀನ್ ಆದ್ದರಿಂದ ಬ್ಯಾಕ್ಟೀರಿಯಾ ಜೊತೆಗಿಲ್ಲದಿದ್ದರೂ ಕೋಶದೊಳಗೆ ಹೋಗಿ ಡಿಎನ್ಎ ಕತ್ತರಿಸುತ್ತದೆ. ಕೊಲಿಬ್ಯಾಕ್ಟಿನ್ ಹಾಗಲ್ಲ. ಅದು ಪುಟ್ಟ ಅಣು, ತುಂಬಾ ಬೇಗ ಹಾಳಾಗುತ್ತದೆ. 2006ರಲ್ಲಿ ಇದನ್ನು ಮೊದಲು ವರದಿ ಮಾಡಿದವರೇ, ಜೀವಂತ ಬ್ಯಾಕ್ಟೀರಿಯಾ ಕೋಶಕ್ಕೆ ತಾಗಿದರೆ ಮಾತ್ರ ಪರಿಣಾಮ ಕಾಣುತ್ತದೆ ಅಂತ ತೋರಿಸಿದ್ದರು.

ಹಾಗಾಗಿ ಸೋಸುವುದನ್ನು ಬಿಡಿ. ಒಂದು ಕೋಶಕ್ಕೆ ಸುಮಾರು 100 ಬ್ಯಾಕ್ಟೀರಿಯಾ ಲೆಕ್ಕದಲ್ಲಿ ನೇರವಾಗಿ ಹಾಕಿ, 4 ಗಂಟೆ ಬಿಡಿ. ಆಮೇಲೆ ಚೆನ್ನಾಗಿ ತೊಳೆದು ಉಳಿದ ಬ್ಯಾಕ್ಟೀರಿಯಾ ಸಾಯಲು ಜೆಂಟಾಮೈಸಿನ್ ಆಂಟಿಬಯಾಟಿಕ್ ಇರುವ ಮೀಡಿಯಂ ಕೊಡಿ. ಮೀಡಿಯಂ ಹಳದಿಗೆ ತಿರುಗುವವರೆಗೆ ಬಿಡಬೇಡಿ. ಆಸಿಡ್‌ನಿಂದಲೇ ಕೋಶಗಳು ಸತ್ತರೆ ಏನೂ ಗೊತ್ತಾಗುವುದಿಲ್ಲ. ಕೊಲಿಬ್ಯಾಕ್ಟಿನ್ ತಯಾರಿಗೆ ಬೇಕಾದ ಸಿಎಲ್‌ಬಿಪಿ ಜೀನ್ ತೆಗೆದ ತಳಿಯನ್ನು ಕಂಟ್ರೋಲ್ ಆಗಿ ಇಡಲೇಬೇಕು. ಅದಿಲ್ಲದೆ ಬಂದ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ.

ಸರಿಯಾಗಿ ಆದರೆ ಮೈಕ್ರೋಸ್ಕೋಪಿನಲ್ಲೇ ಕಾಣುತ್ತದೆ. ಕೋಶಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದೂ ಅಗಲವಾಗಿ ಹರಡಿಕೊಂಡಿರುತ್ತದೆ, ನ್ಯೂಕ್ಲಿಯಸ್ ಕೂಡ ಊದಿರುತ್ತದೆ. ಕೊಲಿಬ್ಯಾಕ್ಟಿನ್ ಡಿಎನ್ಎಯ ಎರಡು ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಈ ಹಾನಿ ಪತ್ತೆಯಾದ ಕೂಡಲೇ ಕೋಶ ತನ್ನ ಸಿಡಿಕೆ1 ಕಿಣ್ವವನ್ನು ತಡೆಹಿಡಿಯುತ್ತದೆ. ಅದಿಲ್ಲದೆ ಮೈಟೋಸಿಸ್ (ಕೋಶ ವಿಭಜನೆ) ಶುರುವಾಗುವುದಿಲ್ಲ. ಹೀಲಾದಲ್ಲಿ ಎಚ್‌ಪಿವಿ ವೈರಸ್‌ನ ಇ6 ಪ್ರೋಟೀನ್‌ನಿಂದಾಗಿ, ಡಿಎನ್ಎ ಹಾನಿಯಾದಾಗ ವಿಭಜನೆ ತಡೆಯುವ ಪಿ53 ಪ್ರೋಟೀನ್ ಉಳಿಯುವುದಿಲ್ಲ. ಆದ್ದರಿಂದ ಜಿ1ನಲ್ಲಿ (ಡಿಎನ್ಎ ನಕಲಾಗುವ ಮುಂಚಿನ ಹಂತ) ತಡೆ ದುರ್ಬಲ, ಹೆಚ್ಚಿನವು ಜಿ2ನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ನಮ್ಮ ಹತ್ತಿರ ಇ. ಕೊಲೈನ ನಿಸ್ಲೆ 1917 ತಳಿ ಇದೆ. ಪ್ರೊಬಯಾಟಿಕ್ ಆಗಿ ಕೊಡುವಂಥದ್ದು, ಅದು ಆಗುತ್ತಾ?

ಉತ್ತರ:
ಆಗುತ್ತದೆ. ಕೊಲಿಬ್ಯಾಕ್ಟಿನ್ ತಯಾರಿಸುವ ಪಿಕೆಎಸ್ ಜೀನ್‌ಗಳು ಅದರಲ್ಲೂ ಇವೆ. ಇನ್ನೊಂದು ಮಾತು: ಒಂದೊಂದು ಕೋಶದ ಡಿಎನ್ಎ ಪ್ರಮಾಣ ಅಳೆಯುವ ಫ್ಲೋ ಸೈಟೊಮೆಟ್ರಿಯಲ್ಲಿ ಅಂಟಿಕೊಂಡ ಎರಡು ಜಿ1 ಕೋಶಗಳೂ ಜಿ2 ಥರಾನೇ ಕಾಣುತ್ತವೆ. ಜೋಡಿಗಳನ್ನು ಗೇಟ್ ಮಾಡಿ ಹೊರಗಿಟ್ಟು ಆಮೇಲೆ ಎಣಿಸಿ. ಸೋಂಕಾದ ಕೆಲವೇ ಗಂಟೆಗಳಲ್ಲಿ ಗಾಮಾ ಎಚ್2ಎಎಕ್ಸ್ ಸ್ಟೇನ್ ಮಾಡಿದರೆ ಡಿಎನ್ಎಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತದೆ, 72 ಗಂಟೆ ಕಾಯಬೇಕಿಲ್ಲ.