ವಯಸ್ಕರ ಈಜು ಬ್ಯಾಚಿಗೆ ಸೇರುವಾಗ ಕೋಚ್‌ಗಳ ಹಿನ್ನೆಲೆಯಲ್ಲಿ ಏನನ್ನು ನೋಡಬೇಕು?

ಪ್ರಶ್ನೆ: ಕುವೆಂಪುನಗರ ನಿವಾಸಿ

ಎಲ್ಲರಿಗೂ ನಮಸ್ಕಾರ. ನನಗೀಗ 44 ವರ್ಷ. ಮೈಸೂರಿನಲ್ಲಿ ನೆಲೆಸಿದ್ದರೂ ಬೆಳೆದದ್ದು ಪಾಂಡವಪುರದ ಕಡೆಯ ಹಳ್ಳಿಯಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ದೊಡ್ಡ ಹುಡುಗರು ನನ್ನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನಾಲೆಗೆ ಇಳಿಸಿದ್ದರು. ಹಗ್ಗ ಸಡಿಲವಾಗಿ ಬುರುಡೆ ಜಾರಿಹೋಯಿತು. ಯಾರೋ ತಲೆಗೂದಲು ಹಿಡಿದು ದಂಡೆಗೆ ಎಳೆದುಕೊಂಡರು. ಅಂದಿನಿಂದ ನೀರು ಎದೆಯ ಮಟ್ಟ ದಾಟಿದರೆ ಉಸಿರು ಕಟ್ಟುತ್ತದೆ. ಎರಡು ವರ್ಷಗಳ ಹಿಂದೆ ಧೈರ್ಯ ಮಾಡಿ ಒಂದು ಕೊಳದಲ್ಲಿ ಸೇರಿಕೊಂಡೆ. ಮೂರನೆಯ ದಿನವೇ ಅಲ್ಲಿನ ತರಬೇತುದಾರರು 'ಬಿದ್ದರೆ ತಾನಾಗಿ ಬರುತ್ತದೆ' ಎಂದು ಆಳದ ಕಡೆಗೆ ತಳ್ಳಿದರು, ಮರುದಿನದಿಂದ ನಾನು ಅತ್ತ ಹೋಗಲಿಲ್ಲ.

ಈಗ ಮೂವತ್ತು ದಾಟಿದವರಿಗೆಂದೇ ಇರುವ ಒಂದು ಕ್ಲಬ್ಬಿಗೆ ಸೇರಬೇಕೆಂದಿದ್ದೇನೆ. ಅಲ್ಲಿನ ಮೂವರು ಕೋಚ್‌ಗಳ ಹಿನ್ನೆಲೆಯನ್ನು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಮೊದಲನೆಯವರು ಬ್ಯಾಕ್‌ಸ್ಟ್ರೋಕ್‌ನಲ್ಲಿ ರಾಜ್ಯಮಟ್ಟದ ಪದಕ ಗೆದ್ದವರು. ಎರಡನೆಯವರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತುದಾರರ ಡಿಪ್ಲೊಮಾ ಪಡೆದು ಬಹುಕಾಲ ಶಾಲಾ ಮಕ್ಕಳಿಗೆ ಕಲಿಸಿದವರು. ಮೂರನೆಯವರು ನಿವೃತ್ತ ಬ್ಯಾಂಕ್ ಅಧಿಕಾರಿ. ತಾವೇ ನಲವತ್ತರ ನಂತರ ಈಜು ಕಲಿತು, ಜೀವರಕ್ಷಕ ತರಬೇತಿ ಮುಗಿಸಿ, ಹೊಸಬರಿಗೆ ಮಾತ್ರ ಹೇಳಿಕೊಡುತ್ತಾರೆ. ಶುಲ್ಕ ಮೂವರಿಗೂ ಒಂದೇ. ಪದಕ ಗೆದ್ದವರ ಕೈಕೆಳಗೆ ಕಲಿಯುವುದೇ ಮೇಲೆಂಬುದು ನನ್ನ ಪತ್ನಿಯ ಅಭಿಪ್ರಾಯ. ನನ್ನಂಥವನಿಗೆ ಇವುಗಳಲ್ಲಿ ಯಾವ ಹಿನ್ನೆಲೆ ಹೆಚ್ಚು ತೂಕದ್ದು?

ಉತ್ತರ 1: ಹಳೆಯ ತರಬೇತುದಾರ

ನಾನು ಇಪ್ಪತ್ತೆರಡು ವರ್ಷ ಕೊಳದ ದಂಡೆಯ ಮೇಲೆ ನಿಂತು ಕೆಲಸ ಮಾಡಿದವನು, ಆದ್ದರಿಂದ ಸರ್ಟಿಫಿಕೇಟಿನ ಮಾತಿನಿಂದಲೇ ಆರಂಭಿಸುತ್ತೇನೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಲ್ಲಿ ಆರಂಭವಾಯಿತು. ಅದರ ಹೆಸರಿನಲ್ಲಿ ಒಂದು ವರ್ಷದ ಡಿಪ್ಲೊಮಾವೂ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಫಲಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆಯಾದ್ದರಿಂದ ಯಾವುದೆಂದು ಕೇಳಲು ಸಂಕೋಚ ಪಡಬೇಡಿ. ಡಿಪ್ಲೊಮಾ ಮಾಡಿದವರಿಗೆ ದೇಹರಚನೆ, ಸ್ಟ್ರೋಕಿನ ತಂತ್ರ, ತರಬೇತಿಯ ಹೊರೆಯ ಲೆಕ್ಕಾಚಾರ ಎಲ್ಲವೂ ತಿಳಿದಿರುತ್ತದೆ, ಆದರೆ ಆ ಓದಿನ ಮುಖ್ಯ ಗುರಿ ಸ್ಪರ್ಧೆಗೆ ಇಳಿಯುವ ಕ್ರೀಡಾಪಟುವನ್ನು ರೂಪಿಸುವುದು.

ವಯಸ್ಕರ ದೇಹ ಬೇರೆಯದೇ ಲೆಕ್ಕ ಕೇಳುತ್ತದೆ. ಶ್ವಾಸಕೋಶದಲ್ಲಿ ಗಾಳಿ ಇರುವುದರಿಂದ ಎದೆ ತೇಲುತ್ತದೆ, ತೊಡೆ ಮತ್ತು ಕಾಲಿನ ಭಾರ ಕೆಳಕ್ಕೆ ಎಳೆಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾಗಿರುವುದರಿಂದ ಕಾಲು ಒಂದು ಗೇಣು ಇಳಿದರೂ ಗೋಡೆಯನ್ನು ಎಳೆದುಕೊಂಡು ಹೋದಂತಾಗುತ್ತದೆ. ಹೆದರಿದವರು ತಲೆ ಎತ್ತುತ್ತಾರೆ, ತಲೆ ಎತ್ತಿದಷ್ಟೂ ಕಾಲು ಮುಳುಗುತ್ತದೆ. ಇದರ ಮೇಲೆ ವರ್ಷಗಟ್ಟಲೆ ಬೂಟು ಹಾಕಿದ ಪಾದದ ಕೀಲು ಬಿಗಿದಿರುತ್ತದೆ, ಕಚೇರಿಯ ಕುರ್ಚಿಯಲ್ಲಿ ಭುಜ ಮುಂದಕ್ಕೆ ಬಾಗಿರುತ್ತದೆ. ಮಕ್ಕಳಿಗೆ ಕಲಿಸಿದ ಅನುಭವವನ್ನು ಹಾಗೆಯೇ ತಂದು ವಯಸ್ಕರ ಮೇಲೆ ಹೇರಿದರೆ ಅವರು ಮೂರನೆಯ ವಾರಕ್ಕೆ ಬಿಟ್ಟುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮೊದಮೊದಲು ಆ ತಪ್ಪನ್ನು ನಾನೂ ಮಾಡಿದ್ದೇನೆ.

ಇನ್ನು ಪದಕದ ಮಾತು. ಅಮೆರಿಕದ ಮೈಕೆಲ್ ಫೆಲ್ಪ್ಸ್‌ಗೆ ತರಬೇತಿ ನೀಡಿದ ಬಾಬ್ ಬೋಮನ್ ಕಾಲೇಜಿನಲ್ಲಿ ಈಜಿದವರೇ, ಆದರೆ ಓದಿದ್ದು ಬೆಳವಣಿಗೆಯ ಮನಶ್ಶಾಸ್ತ್ರ, ಜೊತೆಗೆ ಸಂಗೀತ ಸಂಯೋಜನೆ. ಅಮೆರಿಕದ ಇನ್ನೊಬ್ಬ ಒಲಿಂಪಿಕ್ ಈಜುಗಾರ ಮಾರ್ಕ್ ಸ್ಪಿಟ್ಜ್‌ಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಜೇಮ್ಸ್ ಕೌನ್ಸಿಲ್‌ಮನ್ ನೀರಿನೊಳಗೆ ಕ್ಯಾಮೆರಾ ಇಟ್ಟು ಕೈಯ ಚಲನೆಯನ್ನು ಅಧ್ಯಯನ ಮಾಡಿದವರು. 1979ರಲ್ಲಿ, 58ನೆಯ ವಯಸ್ಸಿನಲ್ಲಿ, ತಾವೇ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ನಮ್ಮ ಬೆಂಗಳೂರಿನ ನಿಹಾರ್ ಅಮೀನ್ ಅವರಿಗೆ 2015ರಲ್ಲಿ, ಎಸ್. ಪ್ರದೀಪ್ ಕುಮಾರ್ ಅವರಿಗೆ 2016ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು ಅವರು ತಯಾರು ಮಾಡಿದ ಈಜುಗಾರರಿಂದ. ಅಂದರೆ ಕೋಚ್ ಒಬ್ಬರನ್ನು ಅಳೆಯಲು ಅವರ ಕೈಯಲ್ಲಿ ಕಲಿತವರನ್ನು ನೋಡಬೇಕು. 'ನೀರಿಗೆ ಹೆದರುವ, ನಲವತ್ತು ದಾಟಿದವರು ಕಳೆದ ವರ್ಷ ನಿಮ್ಮಲ್ಲಿ ಎಷ್ಟು ಜನ ಕಲಿತರು, ಅವರೊಡನೆ ಮಾತನಾಡಬಹುದೇ?' ಎಂದು ಮೂವರನ್ನೂ ಕೇಳಿ.

ಉತ್ತರ 2: ಜಯಲಕ್ಷ್ಮೀಪುರಂ ಗೃಹಿಣಿ

ನಾನು ಈಜು ಕಲಿತದ್ದು 51ನೆಯ ವಯಸ್ಸಿನಲ್ಲಿ. ಮೊದಲು ಹೇಳಿಕೊಟ್ಟವರು ಹಿಂದೆ ಒಳ್ಳೆಯ ಸ್ಪರ್ಧಿಯಾಗಿದ್ದರು, ಸ್ವಭಾವದಲ್ಲೂ ಸೌಮ್ಯ. ಆದರೆ ನಾನು ಕಂಬಿ ಹಿಡಿದು ನಡುಗುತ್ತಿದ್ದಾಗ ಅವರಿಗೆ ಹೇಳಲು ಇದ್ದದ್ದು 'ಸುಮ್ಮನೆ ಮೈ ಸಡಿಲ ಬಿಡಿ ಅಮ್ಮ' ಎಂಬ ಒಂದೇ ಮಾತು. ಐದನೆಯ ವಯಸ್ಸಿನಲ್ಲಿ ಈಜು ಕಲಿತವರಿಗೆ ತಾವು ನೀರಿನಲ್ಲಿ ಹೇಗೆ ಉಸಿರಾಡುತ್ತೇವೆ ಎಂಬುದೇ ನೆನಪಿರುವುದಿಲ್ಲ.

ಎರಡನೆಯ ಕೋಚ್ 38ರಲ್ಲಿ ಕಲಿತವರು. ಮೊದಲ ವಾರವಿಡೀ ಅವರು ನನಗೆ ಈಜು ಹೇಳಿಕೊಡಲೇ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನನ್ನೆದುರು ನಿಂತು, ಬಾಯಿ ಮುಚ್ಚಿ, ಮುಖ ಮುಳುಗಿಸಿ ಗುನುಗಲು ಹೇಳಿದರು. ಗುನುಗುವಾಗ ಮೂಗಿನಿಂದ ಗಾಳಿ ತಾನಾಗಿ ಹೊರಬರುತ್ತದೆ, ಗಾಳಿ ಬರುತ್ತಿರುವಾಗ ಮೂಗಿಗೆ ನೀರು ನುಗ್ಗುವುದಿಲ್ಲ. ನನಗೆ ಬರುತ್ತಿದ್ದ ಒಂದು ದೇವರನಾಮದ ಪಲ್ಲವಿಯನ್ನು ನಾನು ನೀರಿನೊಳಗೆ ಗುನುಗಿದೆ. ಕೆನ್ನೆಯ ಪಕ್ಕದಲ್ಲಿ ಗುಳ್ಳೆಗಳು ಏಳುವ ಸದ್ದು ಈಗಲೂ ಕಿವಿಯಲ್ಲಿದೆ. ನಂತರ ಕಲಿಸಿದ್ದು ಎದ್ದು ನಿಲ್ಲುವುದನ್ನು. ಬೋರಲಾಗಿ ತೇಲುತ್ತಿರುವಾಗ ಎರಡೂ ಮೊಣಕಾಲುಗಳನ್ನು ಎದೆಯತ್ತ ಎಳೆದುಕೊಂಡು, ಅಂಗೈಗಳಿಂದ ನೀರನ್ನು ಕೆಳಕ್ಕೆ ಒತ್ತಿದರೆ ಪಾದ ತಾನಾಗಿ ನೆಲಕ್ಕೆ ಬರುತ್ತದೆ. ಇದು ಬಂದ ದಿನ ನನ್ನ ಭಯದಲ್ಲಿ ಮುಕ್ಕಾಲು ಪಾಲು ಹೋಯಿತು. ನಿಮ್ಮನ್ನು ತಳ್ಳಿದವರು ಇದನ್ನು ಕಲಿಸಿದ್ದರೇ? ನನ್ನ ಮತ ಮೂರನೆಯವರಿಗೆ.

ಉತ್ತರ 3: ಮಂಡ್ಯದ ಮಾಸ್ಟರ್ಸ್ ಈಜುಗಾರ

ಸ್ಪರ್ಧಿಯ ಪರವಾಗಿಯೂ ಒಂದು ಮಾತಿರಲಿ. ಮಾಸ್ಟರ್ಸ್ ಎಂಬ ವಯಸ್ಕರ ಈಜು ಸ್ಪರ್ಧೆ 25ನೆಯ ವಯಸ್ಸಿನಿಂದ ಆರಂಭವಾಗಿ ಐದೈದು ವರ್ಷಗಳ ಗುಂಪುಗಳಲ್ಲಿ ನಡೆಯುತ್ತದೆ, ಆದ್ದರಿಂದ 44ರಲ್ಲಿ ಕಲಿತವರಿಗೂ ಮುಂದೆ ದಾರಿ ಇದೆ. ನಾಲ್ಕು ಲ್ಯಾಪ್ ಈಜುವಷ್ಟಾದ ಮೇಲೆ ಮೊಣಕೈ ಎಲ್ಲಿ ಬಾಗಬೇಕು, ತಿರುವಿನಲ್ಲಿ ಗೋಡೆಯನ್ನು ಹೇಗೆ ಒದೆಯಬೇಕು ಎಂದು ಕಂಡು ಹೇಳುವ ಕಣ್ಣು ಸ್ಪರ್ಧಿಸಿದವರಿಗೇ ಹೆಚ್ಚು. ಮೊದಲ ಆರು ತಿಂಗಳು ಒಬ್ಬರಲ್ಲಿ, ಆಮೇಲೆ ಇನ್ನೊಬ್ಬರಲ್ಲಿ ಕಲಿಯುವುದರಿಂದ ಯಾರಿಗೂ ಅಗೌರವವಾಗುವುದಿಲ್ಲ.

ಉತ್ತರ 4: ನಾಲೆಯ ದಂಡೆ

ಮೇಲಿನ ಸೋದರಿಯವರ ಅನುಭವವನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ತಡವಾಗಿ ಕಲಿತವರಿಗೆ ನಮ್ಮ ಭಯ ಅರ್ಥವಾಗುತ್ತದೆ ನಿಜ, ಆದರೆ ಅರ್ಥವಾದ ಮಾತ್ರಕ್ಕೆ ಅವರು ನಮ್ಮನ್ನು ಉಳಿಸಬಲ್ಲರು ಎಂದಾಗುವುದಿಲ್ಲ. ಮುಳುಗುತ್ತಿರುವವರು ಕೂಗುವುದು ಅಪರೂಪ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಡುತ್ತಿರುವಾಗ ಉಸಿರಿಗೇ ಸಮಯ ಸಾಲದು. ಆದ್ದರಿಂದ ಜೀವರಕ್ಷಕ ತರಬೇತಿ ಯಾವ ವರ್ಷ ಆಯಿತು, ಅದನ್ನು ಮತ್ತೆ ನವೀಕರಿಸಿದ್ದಾರೆಯೇ ಎಂದು ಮೂವರನ್ನೂ ಕೇಳಬೇಕು. ಉಸಿರು ನಿಂತವರನ್ನು ಮೇಲೆತ್ತಿದಾಗ ಮೊದಲು ಉಸಿರು ಕೊಟ್ಟು, ಬಳಿಕ 30 ಬಾರಿ ಎದೆ ಒತ್ತಿ 2 ಉಸಿರು ಕೊಡುವ ಕ್ರಮ ಕೈಗೆ ಅಭ್ಯಾಸವಾಗಿರಬೇಕು, ಓದಿದ್ದು ಸಾಲದು. ಇನ್ನೊಂದು ಮಾತು: ಕೋಚ್ ನೀರಿನೊಳಗೆ ಒಬ್ಬರ ಕೈ ಹಿಡಿದಿರುವಾಗ ಉಳಿದವರ ಮೇಲೆ ಯಾರ ಕಣ್ಣಿರುತ್ತದೆ?

ಪ್ರಶ್ನೆ ಕೇಳಿದವರು: ಕುವೆಂಪುನಗರ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಬೆಳಿಗ್ಗೆ ಕೊಳದ ಮೆಟ್ಟಿಲಿನ ಮೇಲೆ ಕುಳಿತು ಒಂದು ಗಂಟೆ ನೋಡಿದೆ. ನಿವೃತ್ತ ಅಧಿಕಾರಿಗಳು ನೀರಿನಲ್ಲಿ ಇಳಿದು ನಾಲ್ವರಿಗೆ ಕಲಿಸುತ್ತಿದ್ದರು. ದಂಡೆಯ ಮೇಲೆ ಬೇರೊಬ್ಬ ಜೀವರಕ್ಷಕರು ಉದ್ದನೆಯ ಕೋಲು ಹಿಡಿದು ನಿಂತಿದ್ದರು, ಫೋನ್ ನೋಡುತ್ತಿರಲಿಲ್ಲ. ತರಗತಿ ಮುಗಿದ ಮೇಲೆ ನನ್ನ ನಾಲೆಯ ಕಥೆ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ; ಬುರುಡೆ ಜಾರಿದಾಗ ಮುಖ ಮೇಲಿತ್ತೋ ಕೆಳಗಿತ್ತೋ ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮುಖ ಮೇಲಿತ್ತು ಎಂದೆ. 'ಹಾಗಾದರೆ ಅಂಗಾತ ತೇಲುವುದನ್ನು ಕೊನೆಗೆ ಇಟ್ಟುಕೊಳ್ಳೋಣ' ಎಂದರು. ಜೀವರಕ್ಷಕ ತರಬೇತಿಯನ್ನು ಕಳೆದ ವರ್ಷ ನವೀಕರಿಸಿದ ಪತ್ರವನ್ನೂ ಕೇಳಿದ ಕೂಡಲೇ ತೋರಿಸಿದರು. ಪತ್ನಿಯೂ ಜೊತೆಗಿದ್ದರು, ಈಗ ಅವರದೂ ಆಕ್ಷೇಪವಿಲ್ಲ. ಸೋಮವಾರ ಬೆಳಿಗ್ಗೆ 6 ಗಂಟೆಯ ಬ್ಯಾಚಿಗೆ ಹೆಸರು ಬರೆಸಿದ್ದೇನೆ.