ಹಿತ್ತಲಿನ ಟರ್ಫ್ ಕೋರ್ಟ್: ಜಾಯಿಂಟ್ ಬಿಡ್ತಿದೆ, ನಡುವೆ ಉಬ್ಬಿದೆ. ಯಾರಾದ್ರೂ ದಾರಿ ಹೇಳಿ

ಹಿತ್ತಲ್_ಬೌಲರ್
ತಲೆ ಕೆಟ್ಟು ಹೋಗಿದೆ. ಮಕ್ಕಳಿಗೆ ಅಂತ ಹಿತ್ತಲಲ್ಲಿ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಹಾಸು, ಹಾಕಿಸಿದೆವು. ಒಂದು ಕಡೆ ಕ್ರಿಕೆಟ್ ನೆಟ್, ಪಕ್ಕದಲ್ಲಿ ಬ್ಯಾಡ್ಮಿಂಟನ್. ಮಳೆ ಶುರುವಾದ ಮೇಲೆ ಎರಡು ರೋಲ್ ಸೇರುವ ಜಾಯಿಂಟ್ ಬಾಯಿ ಬಿಟ್ಟಿದೆ, ಬೆರಳು ತೂರುತ್ತದೆ. ನಡುವೆ ಉಬ್ಬು ಬೇರೆ. ಒಂದೇ ಜಾಗಕ್ಕೆ ಹಾಕಿದ ಚೆಂಡು ಒಮ್ಮೆ ಎದೆಗೆ ಬರುತ್ತದೆ, ಒಮ್ಮೆ ಪಾದಕ್ಕೆ. ಹಾಕಿದವರು ಫೋನ್ ಎತ್ತುತ್ತಿಲ್ಲ. ಒಳ್ಳೆಯ ಅಂಟು ಯಾವುದು ಹೇಳಿ ಸಾಕು, ನಾನೇ ಅಂಟಿಸಿಕೊಳ್ಳುತ್ತೇನೆ.

ರೋಲ್_ರಾಜ
ಇದು ನೂರಕ್ಕೆ ನೂರು ಅಂಟಿನದೇ ಕಥೆ. ಸಿಂಗಲ್ ಕಾಂಪೊನೆಂಟ್, ಅಂದರೆ ಒಂದೇ ಡಬ್ಬದ ಅಂಟು ಹಾಕಿರುತ್ತಾರೆ. ಎರಡು ಡಬ್ಬ ಕಲಸುವ ಪಿಯು (ಪಾಲಿಯುರೆಥೇನ್) ಅಂಟು ತಗೊಳ್ಳಿ, ಕೆಳಗೆ ಜಾಯಿಂಟ್ ಹಿಡಿಯುವ ಸೀಮಿಂಗ್ ಟೇಪ್ ಕೊಡಿ, ಒಣಗುವ ತನಕ ಮೇಲೆ ಮರಳಿನ ಚೀಲ ಇಡಿ. ನೆಲ ಒದ್ದೆ ಇರಬಾರದು. ಅಷ್ಟೇ.

ಕುಡ್ಲ_ಕಿಕ್ಕರ್
ಪೈಲ್ ಹೈಟ್, ಅಂದರೆ ಹುಲ್ಲಿನ ಎತ್ತರ ಎಷ್ಟು? ಹುಲ್ಲಿನ ನಡುವೆ ತುಂಬಿದ ಇನ್‌ಫಿಲ್ ಏನು? ಅಡಿಯ ಬೇಸ್ ಏನು?

ಹಿತ್ತಲ್_ಬೌಲರ್
ಬೇಸ್ ಎಲ್ಲ ಗಟ್ಟಿಯಾಗಿದೆ ಸರ್, 3 ಇಂಚು ಕಾಂಕ್ರೀಟ್. 15 ಎಂಎಂ ಹುಲ್ಲು, ಮರಳು ಹಾಕಿದ್ದಾರೆ. ಈಗ ಅಂಟಿನ ವಿಷಯಕ್ಕೆ ಬನ್ನಿ.

ಕುಡ್ಲ_ಕಿಕ್ಕರ್
ಮರಳು ಮಾತ್ರಾನಾ? ರಬ್ಬರ್ ಇಲ್ವಾ? ಮಕ್ಕಳು ಬಿದ್ದರೆ ಮಂಡಿ ಹೋಗುತ್ತದೆ.

ರೋಲ್_ರಾಜ
15 ಎಂಎಂಗೆ ಯಾರು ರೀ ರಬ್ಬರ್ ಹಾಕುತ್ತಾರೆ? ರಬ್ಬರ್ ಇರೋದು 40-50 ಎಂಎಂ ಫುಟ್‌ಬಾಲ್ ಟರ್ಫ್‌ಗೆ. ಹಳೆ ಟಯರ್ ಪುಡಿ ಅದು. ಬಿಸಿಲಲ್ಲಿ ನಾರುತ್ತದೆ, ಕಾಲು ಸುಡುತ್ತದೆ. ಯುರೋಪಿನವರು 2023ರಲ್ಲೇ ನಿಯಮ ತಂದಿದ್ದಾರೆ, 2031ರಿಂದ ಅಲ್ಲಿ ಮಾರುವ ಹಾಗೇ ಇಲ್ಲ.

ಕುಡ್ಲ_ಕಿಕ್ಕರ್
ಅದು ಮೈಕ್ರೋಪ್ಲಾಸ್ಟಿಕ್ ಮಣ್ಣಿಗೆ, ನೀರಿಗೆ ಸೇರುತ್ತದೆ ಅಂತ ತಂದ ನಿಯಮ, ವಾಸನೆಗೆ ಅಲ್ಲ. ಮತ್ತೆ ಬರೀ ಮರಳಿನ ಟರ್ಫ್ ತಣ್ಣಗಿರುತ್ತದೆ ಅಂದುಕೊಂಡಿರಾ? ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಂತು ನೋಡಿ. ಪ್ಲಾಸ್ಟಿಕ್ ಹುಲ್ಲೇ 60 ಡಿಗ್ರಿ ದಾಟುತ್ತದೆ.

ಸ್ಟಿಕ್‌ವರ್ಕ್
ನಮ್ಮ ಮಡಿಕೇರಿ ಮನೆಯಲ್ಲಿ ನೀರು ಚಿಮುಕಿಸಿಯೇ ಆಡೋದು, ಹಾಕಿ ಟರ್ಫ್ ಥರ. ನಾಲ್ಕು ಮೂಲೆಗೆ ಸ್ಪ್ರಿಂಕ್ಲರ್ ಇಟ್ಟಿದ್ದೇನೆ. 200 ವ್ಯಾಟ್ ಎಲ್‌ಇಡಿ ನಾಲ್ಕು, ಕಂಬ 6 ಮೀಟರ್. ಫೋಟೋ ಬೇಕಿದ್ದರೆ ಹಾಕ್ತೀನಿ.

ನಿವೃತ್ತ_ಎಇ
ಫೋಟೋ ಆಮೇಲೆ. ಬೌಲರ್ ಅವರೇ, ನಿಮ್ಮ ಊರು ಯಾವುದು?

ಹಿತ್ತಲ್_ಬೌಲರ್
ನವಲಗುಂದದ ಹತ್ತಿರ. ಊರಿಗೂ ಅಂಟಿಗೂ ಏನು ಸಂಬಂಧ ಸರ್?

ನಿವೃತ್ತ_ಎಇ
ಎಲ್ಲಾ ಸಂಬಂಧ ಅದೇ. ನಿಮ್ಮದು ಎರೆ ಭೂಮಿ, ಕಪ್ಪು ಜಿಗುಟು ಮಣ್ಣು. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೋಲು ಇಳಿಯುತ್ತದೆ, ಮಳೆ ಬಿದ್ದರೆ ಅದೇ ಮಣ್ಣು ಹಿಗ್ಗಿ ಬಾಯಿ ಮುಚ್ಚುತ್ತದೆ. ಅದರ ಮೇಲೆ ಕಬ್ಬಿಣ ಇಲ್ಲದ 3 ಇಂಚು ಕಾಂಕ್ರೀಟ್ ಹಪ್ಪಳ ಇದ್ದ ಹಾಗೆ. ಒಂದು ಅಂಚು ಎತ್ತಿ ನೋಡಿ.

ರೋಲ್_ರಾಜ
ಸರ್, ಕಾಂಕ್ರೀಟ್ ಏನೇ ಆಗಲಿ, ಅಂಟು ಸರಿ ಇದ್ದರೆ ಜಾಯಿಂಟ್ ಬಿಡಲ್ಲ.

ನಿವೃತ್ತ_ಎಇ
ಅಡಿಯಲ್ಲಿ ನೆಲವೇ ಸೀಳಿದರೆ ಅಂಟು ಏನು ಹಿಡಿಯುತ್ತದೆ? ಜಾಯಿಂಟ್ ಹಿಡಿದರೆ ಪಕ್ಕದಲ್ಲಿ ಟರ್ಫೇ ಸುಕ್ಕಾಗುತ್ತದೆ.

ಹಿತ್ತಲ್_ಬೌಲರ್
ಎತ್ತಿ ನೋಡಿದೆ. ಜಾಯಿಂಟ್ ಕೆಳಗೆ ಉದ್ದಕ್ಕೂ ಬಿರುಕಿದೆ. ಬಿರುಕಿನ ಒಂದು ಕಡೆ ಇನ್ನೊಂದಕ್ಕಿಂತ ಹೆಬ್ಬೆರಳು ದಪ್ಪ ಮೇಲಿದೆ. ಟೇಪ್ ಒಂದೇ ಬದಿಗೆ ಅಂಟಿಕೊಂಡು ನೇತಾಡುತ್ತಿದೆ. ಅಂದ ಹಾಗೆ, ಮೇಲಿನ ಟ್ಯಾಂಕ್ ತುಂಬಿ ಹರಿಯುವ ಪೈಪ್ ಉಬ್ಬಿದ ಜಾಗದ ಪಕ್ಕಕ್ಕೇ ಬೀಳುತ್ತದೆ. ತೆಂಗಿನ ಗಿಡಕ್ಕೆ ಆಗಲಿ ಅಂತ ಬಿಟ್ಟಿದ್ದು. ಇದು ಮುಖ್ಯವಾ?

ನಿವೃತ್ತ_ಎಇ
ಮೊದಲನೇ ಪೋಸ್ಟಲ್ಲೇ ಬರಬೇಕಿದ್ದ ಮಾತು! ಪೈಪನ್ನು ಇವತ್ತೇ ದೂರ ತಿರುಗಿಸಿ. ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಅಡಿಯ ಮಣ್ಣನ್ನು ಒಣಗಿಸಿ, ಪುಡಿ ಮಾಡಿ, ನಯವಾಗಿ ಜರಡಿ ಹಿಡಿಯಿರಿ. ಗೆರೆ ಇರುವ ಎರಡು ಗಾಜಿನ ಜಾರ್‌ಗೆ ಹತ್ತತ್ತು ಗ್ರಾಂ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಳಿ ಗುಳ್ಳೆ ಹೋಗುವ ಹಾಗೆ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗಲ್ಲ. ನೀರಿನ ಜಾರಲ್ಲಿ ಮಣ್ಣು ಸೀಮೆಎಣ್ಣೆ ಜಾರಿನದರ ಒಂದೂವರೆ ಪಟ್ಟು ಎತ್ತರ ಬಂದರೆ ಜೋರು ಹಿಗ್ಗುವ ಮಣ್ಣು ಅಂತಲೇ ಲೆಕ್ಕ. ಲ್ಯಾಬಿನವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಕುಡ್ಲ_ಕಿಕ್ಕರ್
ಅಷ್ಟೆಲ್ಲ ಯಾಕೆ? ಎರಡು ಅಡಿ ಅಗೆದು ಮರಳು ತುಂಬಿಸಿ. ನೀರು ಸರಾಗ ಇಳಿದು ಹೋಗುತ್ತದೆ. ನಮ್ಮ ಮಂಗಳೂರಲ್ಲಿ ಎಂಥಾ ಮಳೆಗೂ ಟರ್ಫ್ ಮೇಲೆ ನೀರು ನಿಲ್ಲಲ್ಲ ಮಾರಾಯ್ರೆ.

ನಿವೃತ್ತ_ಎಇ
ನಿಮ್ಮದು ತೂತು ತೂತಾದ ಮುರಕಲ್ಲಿನ ನೆಲ, ನೀರು ಕೆಳಗೆ ಇಳಿಯುತ್ತದೆ. ಎರೆಯಲ್ಲಿ ಗುಂಡಿ ತೋಡಿ ಮರಳು ತುಂಬಿದರೆ ನೀರು ಅಲ್ಲೇ ನಿಂತು ಸುತ್ತಲಿನ ಮಣ್ಣನ್ನು ಇನ್ನೂ ಹಿಗ್ಗಿಸುತ್ತದೆ. ತುಂಬಬೇಕಾದ್ದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ, ಹಿಗ್ಗದ ಮಣ್ಣು. ಎರೆ ಭೂಮಿಯಲ್ಲಿ ಕಾಲುವೆಗೆ ಲೈನಿಂಗ್ ಮಾಡುವಾಗಲೂ ಹಿಗ್ಗದ ಮಣ್ಣಿನ ಪದರ ಕೊಡುತ್ತಾರೆ. ಎರಡು ಮೂರು ಅಡಿ ಎರೆ ತೆಗೆದು, ಗರಸನ್ನು ಅರ್ಧರ್ಧ ಅಡಿ ಹಾಕುತ್ತಾ, ಹದವಾಗಿ ನೀರು ಕೊಟ್ಟು ರೋಲರ್ ಓಡಿಸಿ. ಕೋರ್ಟ್ ಅಂಚಿನಿಂದ ಒಂದು ಮೀಟರ್ ಆಚೆಗೂ ಬರಲಿ. ಮೇಲೆ ಜಲ್ಲಿ, ಕ್ರಷರ್ ಪೌಡರ್, ಆಮೇಲೆ ಟರ್ಫ್. ಕಾಂಕ್ರೀಟ್ ಬೇಡ. ಇಳಿಜಾರು 100ಕ್ಕೆ 1, ಅಂದರೆ 6 ಮೀಟರ್ ಅಗಲಕ್ಕೆ 6 ಸೆಂ.ಮೀ. ಅದು ಮನೆಯ ಕಡೆಗೆ ಇರಬಾರದು.

ಹಿತ್ತಲ್_ಬೌಲರ್
ಅಂದರೆ ಹಾಕಿದ್ದೆಲ್ಲ ಕೀಳಬೇಕಾ? ಮನೆಯಲ್ಲಿ ಹೇಳೋದು ಹೇಗೆ? ಸದ್ಯಕ್ಕೆ ಬಿರುಕಿಗೆ ಸಿಮೆಂಟ್ ತುಂಬಿ ಮುಚ್ಚಿದರೆ ಆಗಲ್ವಾ?

ನಿವೃತ್ತ_ಎಇ
ಮುಂದಿನ ಬೇಸಿಗೆಗೆ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಆದರೆ ಈಗ ಅಗೆಯಬೇಡಿ, ಈ ಹಸಿಯಲ್ಲಿ ಜೆಸಿಬಿ ಹೂತು ಹೋಗುತ್ತದೆ. ಸದ್ಯ ಪೈಪ್ ತಿರುಗಿಸಿ, ಸುತ್ತ ಚರಂಡಿ ತೋಡಿ. ನೆಲ ಆರಿದ ಮೇಲೆ ಟರ್ಫ್ ಬಿಚ್ಚಿ. ಒಳಗಿನ ಮರಳು ಗುಡಿಸಿ ಚೀಲಕ್ಕೆ ತುಂಬಿಡಿ. ರೋಲ್ ಹಿಂಬದಿಗೆ ನಂಬರ್ ಬರೆದು, ಹುಲ್ಲು ಬಾಗಿದ ದಿಕ್ಕಿಗೆ ಬಾಣ ಹಾಕಿ. ಒಂದು ರೋಲ್ ತಿರುಗಿದರೂ ಬಣ್ಣವೇ ಬೇರೆ ಕಾಣುತ್ತದೆ.

ರೋಲ್_ರಾಜ
ಮತ್ತೆ ಹಾಸುವಾಗ ಎರಡು ಡಬ್ಬದ ಅಂಟೇ ಹಾಕಿ. ಅಷ್ಟಾದರೂ ಒಪ್ಪುತ್ತೀರಾ ಎಇ ಸರ್?

ನಿವೃತ್ತ_ಎಇ
ಅದು ಒಪ್ಪಿದೆ.

ಸ್ಟಿಕ್‌ವರ್ಕ್
ಹೇಗೂ ಅಗೆಯುತ್ತೀರಲ್ಲ, ಲೈಟ್ ಕೇಬಲ್‌ಗೆ ಪೈಪ್ ಈಗಲೇ ಹೂತುಬಿಡಿ. ನಾನು ಕಂಬದ ಫೋಟೋ ಹಾಕಿದ್ದೇನೆ ನೋಡಿ.

ಕುಡ್ಲ_ಕಿಕ್ಕರ್
ಕಂಬ ಚೆನ್ನಾಗಿದೆ. 6 ಮೀಟರ್ ಸಾಕಾಗುತ್ತದಾ? ಶಟಲ್ ನೋಡಲು ತಲೆ ಎತ್ತಿದರೆ ಕಣ್ಣಿಗೆ ಹೊಡೆಯಲ್ವಾ? ಮಳೆಗಾಲದ ಹುಳಕ್ಕೆ ಏನು ಮಾಡ್ತೀರಿ?