ಪದಚರ್ಚೆ: ಕೌಂಟ್‌ಡೌನ್ ಅಂದರೆ ಕ್ಷಣಗಣನೆಯೋ, ಇಳಿಯೆಣಿಕೆಯೋ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಒಂದಿಷ್ಟು ಫಲಕಗಳನ್ನು ಕನ್ನಡ ಮಾಡುತ್ತಿದ್ದೇನೆ. ಬಾಹ್ಯಾಕಾಶಯಾನದಿಂದ ನಮ್ಮ ದಿನದ ಮಾತಿಗೆ ಬಂದ ಪದಗಳು ಅನ್ನುವುದು ವಿಷಯ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ಬಹುಪಾಲು ಮುಗಿದಿದೆ, ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ.

ಮುಖ್ಯವಾಗಿ ಕೌಂಟ್‌ಡೌನ್. ಪತ್ರಿಕೆಗಳಲ್ಲಿ 'ಕ್ಷಣಗಣನೆ' ಅಂತಿದೆ. ಆದರೆ ಫಲಕದ ಚಿತ್ರದಲ್ಲಿ ಹತ್ತು, ಒಂಬತ್ತು, ಎಂಟು ಅಂತ ಸೊನ್ನೆಯ ತನಕ ಅಂಕಿಗಳಿವೆ. ಹಿಂದಕ್ಕೆ ಎಣಿಸುವುದೇ ಅಲ್ಲಿಯ ವಿಷಯ. ಆ ಅರ್ಥ 'ಕ್ಷಣಗಣನೆ'ಯಲ್ಲಿ ಎಲ್ಲಿದೆ? ಮಕ್ಕಳು ಕೇಳಿದರೆ ಏನು ಹೇಳಲಿ?

ಇನ್ನು ಚಂದ್ರನತ್ತ ಹೊರಟ ಅಪೊಲೊ 13 ನೌಕೆಯಿಂದ ನೆಲದ ನಿಯಂತ್ರಣ ಕೇಂದ್ರಕ್ಕೆ ಬಂದ 'ಹೂಸ್ಟನ್' ಮಾತು, 'ಇದೇನು ರಾಕೆಟ್ ಸೈನ್ಸಾ' ಅನ್ನುವುದು, ಗ್ಲಿಚ್. ಇವಕ್ಕೂ ಸಲಹೆ ಬೇಕು. ಪಟ್ಟಿಯಲ್ಲಿ ಲಾಂಚ್, ಸಾಫ್ಟ್ ಲ್ಯಾಂಡಿಂಗ್, ಉಪಗ್ರಹ, 'ಗಗನಕ್ಕೇರಿದ ಬೆಲೆ' ಕೂಡ ಇವೆ. ಅವುಗಳಲ್ಲಿ ತಪ್ಪಿದ್ದರೆ ತಿಳಿಸಿ.

———

ಮರು:

ಇಳಿಯೆಣಿಕೆ. ಇಳಿ, ಎಣಿಕೆ, ಎರಡೂ ಕನ್ನಡದ ಬೇರು. ನಡುವೆ ಯಕಾರ ತಾನಾಗಿ ಬರುತ್ತದೆ. ನೀವು ಕೇಳಿದ ಹಿಂದಕ್ಕೆ ಎಣಿಸುವ ಅರ್ಥವೂ ಅದರಲ್ಲೇ ಇದೆ. ಇದಕ್ಕಿಂತ ಇನ್ನೇನು ಬೇಕು?

'ಕ್ಷಣ'ವೂ ಸಂಸ್ಕೃತ, 'ಗಣನೆ'ಯೂ ಸಂಸ್ಕೃತ. ಅದು ಕನ್ನಡದ ಲಿಪಿಯಲ್ಲಿರುವ ಸಂಸ್ಕೃತ ಅಷ್ಟೆ.

ಫಲಕದಲ್ಲಿ 'ಉಡಾವಣೆ' ಎಲ್ಲಾದರೂ ಇದ್ದರೆ ದಯವಿಟ್ಟು ತೆಗೆದುಬಿಡಿ. ಅದು ಹಿಂದಿಯ 'ಉಡಾನಾ'ಕ್ಕೆ ಅಂಟಿಸಿದ ಬಾಲ. ನಮ್ಮಲ್ಲಿ ಹಾರು, ನೆಗೆ, ಚಿಮ್ಮು ಇರುವಾಗ ಸಾಲ ಯಾಕೆ?

———

ಮರು:

ಕೌಂಟ್‌ಡೌನ್ ಅಂತಲೇ ಬರೆಯಿರಿ. ಮಕ್ಕಳಿಗೆ ಗೊತ್ತಿರುವುದು ಅದೇ ಪದ. ರಾಕೆಟ್‌ಗೆ ಇಲ್ಲದ ಮಡಿ ಇದಕ್ಕೆ ಯಾಕೆ?

———

ಮರು:

ಮೇಡಂ, ನಾಳೆಯೇ ಅಚ್ಚಿಗೆ ಅಂದಿರಿ. ಅದಕ್ಕೆ ಉತ್ತರ ಮೊದಲು ಹೇಳುತ್ತೇನೆ. ಕ್ಷಣಗಣನೆ ಇರಲಿ. ಮುಟ್ಟಬೇಡಿ.

ಪದದೊಳಗೆ ಎಲ್ಲ ಅರ್ಥವೂ ತುಂಬಿರಬೇಕು ಅನ್ನುವುದೇ ಸರಿಯಲ್ಲ. ಪದ ಬಳಕೆಯಲ್ಲಿ ಅರ್ಥ ತುಂಬಿಕೊಳ್ಳುತ್ತದೆ. 'ಫಲಿತಾಂಶಕ್ಕೆ ಕ್ಷಣಗಣನೆ' ಅಂತ ಓದಿದವರು ಯಾರಾದರೂ 'ಎಷ್ಟು ಕ್ಷಣ ಕಳೆದವು ಅಂತ ಲೆಕ್ಕ ಹಾಕ್ತಿದ್ದಾರೆ' ಅಂದುಕೊಂಡಿದ್ದಾರಾ? ಇಲ್ಲ. ಇನ್ನೆಷ್ಟು ಉಳಿದಿದೆ ಅಂತಲೇ ಎಲ್ಲರಿಗೂ ಗೊತ್ತು. ಉಳಿದದ್ದನ್ನು ಎಣಿಸುವುದು ಅಂದರೆ ಹಿಂದಕ್ಕೆ ಎಣಿಸುವುದೇ ಅಲ್ವಾ?

ಈ ಪದ ಇಷ್ಟು ಬೇಗ ಬೇರುಬಿಡಲು ಒಂದು ಕಾರಣವಿದೆ ಅಂತ ನನ್ನ ನಂಬಿಕೆ. ನಮ್ಮಲ್ಲಿ ಮೊದಲೇ 'ದಿನ ಎಣಿಸು' ಇತ್ತು. ಮಗಳು ಬರುವ ದಿನ ಎಣಿಸುತ್ತಾ ಕೂತ ತಾಯಿ, ಹಾಸಿಗೆ ಹಿಡಿದು ದಿನ ಎಣಿಸುತ್ತಿರುವ ಮುದುಕ. ಎರಡರಲ್ಲೂ ಎಣಿಸುವುದು ಉಳಿದ ದಿನಗಳನ್ನೇ. 'ಕ್ಷಣಗಣನೆ' ಅದೇ ದಾರಿಯಲ್ಲಿ ನಡೆದು ಬಂತು. ಅಷ್ಟೇ ಅಲ್ಲ, ಕನ್ನಡ ಇಲ್ಲಿ ಇಂಗ್ಲಿಷ್‌ಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಚುನಾವಣೆಗೆ ವಾರಗಳಿದ್ದರೆ 'ದಿನಗಣನೆ' ಅಂತೀವಿ. ಗಂಟೆಗಳಷ್ಟೇ ಉಳಿದಾಗ 'ಕ್ಷಣಗಣನೆ'. ಇಂಗ್ಲಿಷ್‌ನಲ್ಲಿ ಎರಡಕ್ಕೂ ಅದೊಂದೇ ಕೌಂಟ್‌ಡೌನ್. ಇಂಥ ಒಳ್ಳೆಯ ಜೋಡಿಯನ್ನು ಕೈಬಿಟ್ಟು ಹೊಸದು ಹುಡುಕಬೇಕಾ?

ಹಾಗಂತ ಕೌಂಟ್‌ಡೌನ್ ಮಾತಿನಲ್ಲಿ ಇಲ್ಲ ಅಂತಲ್ಲ. ಇದೆ. ಆದರೆ ಕೆಲಸ ಬೇರೆ. 'ನಿನ್ನ ಕೌಂಟ್‌ಡೌನ್ ಶುರುವಾಯ್ತು' ಅಂದರೆ ಬೆದರಿಕೆ. ಆ ಜಾಗದಲ್ಲಿ 'ನಿನ್ನ ಕ್ಷಣಗಣನೆ ಶುರುವಾಯ್ತು' ಅಂದರೆ ಸಪ್ಪೆ. ಕಾದು ಕೂರುವುದಕ್ಕೆ ಒಂದು ಪದ, ಹೆದರಿಸುವುದಕ್ಕೆ ಇನ್ನೊಂದು. ಎರಡೂ ಇರಲಿ. ಫಲಕದಲ್ಲಿ ಕಾಯುವ ಪದ ಬೇಕು, ಅದು ನಿಮ್ಮ ಹತ್ತಿರ ಇದೆ.

ಇಳಿಯೆಣಿಕೆಯ ತೊಂದರೆ ಬೇರೆ. ಅದೇ ಫಲಕದಲ್ಲಿ ಸಾಫ್ಟ್ ಲ್ಯಾಂಡಿಂಗ್ ಕೂಡ ಇದೆ. ಅಲ್ಲಿ ಇಳಿ, ಇಳಿತ ಬಂದೇ ಬರುತ್ತದೆ. ಇಳಿಯೆಣಿಕೆ ಅಂದ ತಕ್ಷಣ ನೌಕೆ ಇಳಿಯುವುದಕ್ಕೆ ಎಣಿಸ್ತಿದ್ದಾರೆ ಅಂತ ಮಗು ತಿಳಿದರೆ ತಪ್ಪು ಮಗುವಿನದಲ್ಲ.

ಮಕ್ಕಳಿಗೆ ಹೇಳಲು ಸಾಮಗ್ರಿ ಬೇಕಿದ್ದರೆ ಇದನ್ನು ಹಾಕಿ. ಹಿಂದಕ್ಕೆ ಎಣಿಸುವ ಆಟ ಜನಪ್ರಿಯವಾದದ್ದು 1929ರ ಒಂದು ಜರ್ಮನ್ ಮೂಕಿ ಚಿತ್ರದಿಂದ. ಚಂದ್ರನಿಗೆ ಹೋಗುವ ರಾಕೆಟ್‌ನ ಕಥೆ ಅದು. ಆಗಿನ್ನೂ ಯಾವ ರಾಕೆಟ್ಟೂ ಬಾಹ್ಯಾಕಾಶ ಮುಟ್ಟಿರಲಿಲ್ಲ. ಕಥೆಯಲ್ಲಿದ್ದದ್ದು ಆಮೇಲೆ ನಿಜವಾದ ಉಡಾವಣೆಗಳಿಗೆ ಹೋಯಿತು, ಅಲ್ಲಿಂದ ಊರೂರಿನ ಮಾತಿಗೆ ಬಂತು. ಸೋವಿಯತ್ತಿನವರಲ್ಲಿ ಆ ಹತ್ತು-ಒಂಬತ್ತು-ಎಂಟು ಇರಲೇ ಇಲ್ಲ. ಒಂದಾದ ಮೇಲೊಂದು ಆದೇಶ ಕೂಗುತ್ತಿದ್ದರು. 1961ರ ಏಪ್ರಿಲ್ 12ರಂದು ಮೊದಲ ಗಗನಯಾತ್ರಿ ಗಗಾರಿನ್ ಮೇಲೇಳುವಾಗ ಹೇಳಿದ್ದು 'ಪೊಯೆಖಲಿ'. 'ಹೊರಟ್ವಿ' ಅಂತ. ಯಾರು ಬೇಕಾದರೂ ಗಾಡಿ ಹತ್ತುವಾಗ ಆಡುವ ಮಾತು. ಮನೆಮಾತೇ ಮೇಲೆ ಹೋಗಿ, ಹೆಸರು ಮಾಡಿಕೊಂಡು ವಾಪಸ್ ಬಂತು. ನಿಮ್ಮ ಫಲಕದಲ್ಲಿ ಇದಿಲ್ಲದಿದ್ದರೆ ಸೇರಿಸಿ. ನನಗೆ ಇದು ಎಲ್ಲಕ್ಕಿಂತ ಇಷ್ಟ.

ಈ ಎಣಿಕೆ ಒಂದೇ ಉಸಿರಿನಲ್ಲಿ ಓಡುವುದೂ ಇಲ್ಲ. ನಡುವೆ ಬೇಕೆಂದೇ ನಿಲ್ಲಿಸುತ್ತಾರೆ, ತಪಾಸಣೆ ಮಾಡಿ ಮತ್ತೆ ಶುರು ಮಾಡುತ್ತಾರೆ. ತೊಂದರೆ ಕಂಡರೆ ಅಲ್ಲೇ ಕೈಬಿಡುತ್ತಾರೆ. ಚಂದ್ರಯಾನ-2ರ ಗಡಿಯಾರ 2019ರ ಜುಲೈ 15ರಂದು ನಿಂತಾಗ 56 ನಿಮಿಷ 24 ಸೆಕೆಂಡು ಉಳಿದಿತ್ತು. ಅದು ಹೊರಟದ್ದು ಜುಲೈ 22ಕ್ಕೆ.

ಇನ್ನು ಹೂಸ್ಟನ್. ಇಲ್ಲಿ ಜಾಗ್ರತೆ. ಎಲ್ಲರ ಬಾಯಲ್ಲಿ ಇರುವ ರೂಪ 1995ರ ಸಿನಿಮಾದ್ದು. ಅದರಲ್ಲಿ 'ತೊಂದರೆ ಇದೆ' ಅಂತಾಗಿದೆ. 1970ರ ಏಪ್ರಿಲ್ 13ರಂದು ಆಮ್ಲಜನಕದ ತೊಟ್ಟಿ ಸಿಡಿದ ಮೇಲೆ ನೌಕೆಯಲ್ಲಿದ್ದ ಗಗನಯಾತ್ರಿಗಳು, ಮೊದಲು ಸ್ವಿಗರ್ಟ್, ಆಮೇಲೆ ಲವೆಲ್, ಹೇಳಿದ್ದು ಬೇರೆ ಕಾಲದ ಕ್ರಿಯಾಪದ. ನಮ್ಮ 'ಆಗಿದೆ' ಅದಕ್ಕೆ ಸರಿಯಾಗಿ ಕೂರುತ್ತದೆ. 'ಹೂಸ್ಟನ್, ನಮಗೊಂದು ತೊಂದರೆ ಆಗಿದೆ.' 'ಆಗಿತ್ತು' ಹಾಕಬೇಡಿ, ಮುಗಿದುಹೋದಂತೆ ಕೇಳುತ್ತದೆ. 'ಇದೆ' ಹಾಕಿದರೆ ಸಿನಿಮಾದ ಮಾತಾಗುತ್ತದೆ. 'ಆಗಿದೆ'ಯಲ್ಲಿ ಏನೋ ನಡೆದದ್ದೂ ಇದೆ, ಅದರ ಪರಿಣಾಮ ಈಗಲೂ ಇರುವುದೂ ಇದೆ.

'ರಾಕೆಟ್ ಸೈನ್ಸಾ' ಅನ್ನುವುದನ್ನು ಅನುವಾದ ಮಾಡಲು ಹೋಗಬೇಡಿ. 'ಅದೇನು ಬ್ರಹ್ಮವಿದ್ಯೆಯಾ?' ಅಂತ ಕೇಳುವವರು ನಾವು. ಎರಡನ್ನೂ ಪಕ್ಕಪಕ್ಕ ಇಡಿ. ಯಾವುದನ್ನು ಅತಿ ಕಷ್ಟದ ವಿದ್ಯೆ ಅಂತ ಯಾರು ತಿಳಿದಿದ್ದರು ಅನ್ನುವುದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ.

ಪಟ್ಟಿಯಿಂದ ಎರಡನ್ನು ಕಿತ್ತುಹಾಕಿ. 'ಗಗನಕ್ಕೇರಿದ ಬೆಲೆ'ಗೂ ರಾಕೆಟ್‌ಗೂ ಸಂಬಂಧವಿಲ್ಲ. ಆಕಾಶ ಮುಟ್ಟುವ ಮಾತು ರಾಕೆಟ್‌ಗಿಂತ ಹಳೆಯದು. ಲಾಂಚ್ ಬಂದದ್ದು ಹಡಗನ್ನು ನೀರಿಗೆ ಬಿಡುವುದರಿಂದ. ರಾಕೆಟ್ಟೇ ಅದನ್ನು ಸಾಲ ಪಡೆದಿದೆ.

———

ಮರು:

ಉದ್ದ ಬರೆದಿದ್ದೀರಿ. ಮೂಲ ಪ್ರಶ್ನೆ ಹಾಗೇ ಉಳಿದಿದೆ. ಜನ ಬಳಸುತ್ತಾರೆ ಅನ್ನುವುದೇ ಅಳತೆಯಾದರೆ ಈ ಚರ್ಚೆಯೇ ಬೇಡ, ಎಲ್ಲಕ್ಕೂ ಇಂಗ್ಲಿಷ್ ಪದವನ್ನೇ ಬರೆದರೆ ಆಯಿತು. ಹೊಸ ಪದ ಕಟ್ಟುವ ಶಕ್ತಿ ಕನ್ನಡಕ್ಕೆ ಉಳಿಯಬೇಕಾದರೆ ಕನ್ನಡದ ಬೇರಿನಿಂದಲೇ ಕಟ್ಟುವ ರೂಢಿ ಬೇಕು. ಮಗು 'ಇಳಿ', 'ಎಣಿಕೆ' ಎರಡನ್ನೂ ಮನೆಯಲ್ಲೇ ಕಲಿತಿರುತ್ತದೆ. 'ಗಣನೆ'ಯನ್ನು ಯಾವ ಮನೆಯಲ್ಲಿ ಆಡುತ್ತಾರೆ?

'ಉಡಾವಣೆ' ಬಗ್ಗೆ ನೀವು ಒಂದು ಮಾತೂ ಆಡಿಲ್ಲ. ಅಷ್ಟೇ ಅಲ್ಲ, ನೀವೇ ಅದನ್ನು ಬಳಸಿದ್ದೀರಿ.

———

ಮರು:

ಬಳಸಿದ್ದೇನೆ, ಮುಂದೆಯೂ ಬಳಸುತ್ತೇನೆ. ಸರ್, ಧಾತು ಉತ್ತರದಿಂದ ಬಂದದ್ದು ನಿಜ. ಅದೇ ಸಾಲಿನಲ್ಲಿ ಚುನಾವಣೆ ಇದೆ. ಬದಲಾವಣೆ ಇದೆ, ಅದರ 'ಬದಲ್' ಅರಬ್ಬಿ. ಅವನ್ನೂ ತೆಗೆಯುತ್ತೀರಾ? ಬೇರು ಹೊರಗಿನದು, ಪದ ನಮ್ಮದು.

ಹೊಸ ಪದ ಕಟ್ಟುವುದಕ್ಕೆ ನನ್ನ ವಿರೋಧ ಇಲ್ಲವೇ ಇಲ್ಲ. ಪದ ಇಲ್ಲದ ಕಡೆ ಕಟ್ಟೋಣ. ಗಟ್ಟಿಯಾಗಿ ನಿಂತ ಪದವನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟುವುದು ಬೇಡ. ಕಟ್ಟಲೇಬೇಕು ಅಂತಿದ್ದರೆ ಇಲ್ಲೊಂದು ಖಾಲಿ ಜಾಗ ಇದೆ. ನಿಯಂತ್ರಣ ಕೊಠಡಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾರೆ, ಪ್ರತಿಯೊಬ್ಬರೂ 'ಗೋ' ಅಥವಾ 'ನೋ ಗೋ' ಅನ್ನಬೇಕು. ಇದು ಈಗ ಕಚೇರಿಗಳ ಸಭೆಗೂ ಬಂದಿದೆ. ಕನ್ನಡದಲ್ಲಿ ಏನು ಹೇಳೋಣ? ನನ್ನ ಓಟು 'ಸೈ'ಗೆ. ಇಂಧನ? ಸೈ. ಸಂಪರ್ಕ? ಸೈ. ಒಂದೇ ಅಕ್ಷರ, ಗದ್ದಲದಲ್ಲೂ ಕೇಳಿಸುತ್ತದೆ. ಬಸ್ಸಿನ ಕಂಡಕ್ಟರ್ 'ರೈಟ್' ಅಂದ ಹಾಗೆ, ಹೇಳಿದರೆ ಗಾಡಿ ಹೊರಡಬೇಕು. 'ನೋ ಗೋ'ಗೆ 'ತಡಿ' ಸಾಕು.

———

ಮರು:

ಗ್ಲಿಚ್ ಎಲ್ಲರೂ ಮರೆತಿರಿ. ಈ ಪದ ಮೊದಲು ರೇಡಿಯೊ, ಟಿವಿ ಕೆಲಸದವರ ನಡುವೆ ಇತ್ತು. ಹೊರಗಿನವರಿಗೆ ಪರಿಚಯ ಮಾಡಿಸಿದವರಲ್ಲಿ ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ ಮುಖ್ಯರು, 1962ರಲ್ಲಿ. ವಿದ್ಯುತ್ ಒತ್ತಡ ದಿಢೀರನೆ ಏರಿ ಇಳಿಯುವುದು ಅಂತ ಅವರು ವಿವರಿಸಿದ್ದರು. ಈಗ ಎಲ್ಲ ಸಣ್ಣಪುಟ್ಟ ಕೆಡುಕಿಗೂ ಅದೇ.

'ಎಡವಟ್ಟು' ಬೇಡ. ಎಡವಟ್ಟು ಮನುಷ್ಯ ಮಾಡುವಂಥದ್ದು, ಗ್ಲಿಚ್ ಯಂತ್ರದ್ದು. 'ತಾಂತ್ರಿಕ ದೋಷ' ಭಾರ ಜಾಸ್ತಿ, ಅದನ್ನು ಕೇಳಿದರೆ ಏನೋ ದೊಡ್ಡದೇ ಕೆಟ್ಟಿದೆ ಅನಿಸುತ್ತದೆ. 'ತೊಡಕು' ಹಾಕಿ. ಬಂದು ಹೋಗುವ ಗುಣ ಅದರಲ್ಲಿ ಇದೆ.

ಸಾಫ್ಟ್ ಲ್ಯಾಂಡಿಂಗ್ ಈಗ ಅರ್ಥಶಾಸ್ತ್ರದವರ ಬಾಯಲ್ಲೂ ಇದೆ, ಬೆಲೆ ಏರಿಕೆ ತಗ್ಗಬೇಕು ಆದರೆ ವ್ಯವಹಾರ ಕುಸಿಯಬಾರದು ಅನ್ನುವಾಗ. ಚಂದ್ರನ ಮೇಲೆ ಮೊದಲು ಹಾಗೆ ಇಳಿದದ್ದು ಸೋವಿಯತ್ ನೌಕೆ ಲೂನಾ 9, 1966ರ ಫೆಬ್ರವರಿಯಲ್ಲಿ. ಚಂದ್ರಯಾನ-3 ಇಳಿದ 2023ರ ಆಗಸ್ಟ್ 23ರಂದು ಇಂಗ್ಲಿಷ್ ಪದವೂ ಓಡಿತು, 'ಮೃದು'ವೂ ಓಡಿತು. ನನಗೆ 'ಹಗುರ ಇಳಿತ' ಹಿಡಿಸುತ್ತದೆ. ಮೃದು ಅನ್ನುವುದು ಮುಟ್ಟಿದರೆ ಗೊತ್ತಾಗುವ ಗುಣ. ಇಳಿಯುವ ರೀತಿಗೆ ಹಗುರ ಸರಿ.

———

ಮರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಷಣಗಣನೆ ಇಟ್ಟುಕೊಂಡೆ. ಪಕ್ಕದಲ್ಲಿ ದಿನಗಣನೆಯನ್ನೂ ಸೇರಿಸಿದೆ, ಕೆಳಗೆ 'ಉಳಿದ ಹೊತ್ತನ್ನು ಹಿಂದಕ್ಕೆ ಎಣಿಸುವುದು' ಅಂತ ಒಂದು ಸಾಲು. ತೊಂದರೆ ಆಗಿದೆ, ಬ್ರಹ್ಮವಿದ್ಯೆ, ತೊಡಕು, ಹಗುರ ಇಳಿತ, ಎಲ್ಲ ಹಾಕಿದೆ. ಲಾಂಚ್, ಗಗನಕ್ಕೇರಿದ ಬೆಲೆ ತೆಗೆದೆ. ಗಗಾರಿನ್ ಮಾತಿಗೆ ಒಂದು ಪೂರ್ತಿ ಫಲಕ ಕೊಟ್ಟೆ. 'ಹೊರಟ್ವಿ' ಅಂತಲೇ ದೊಡ್ಡ ಅಕ್ಷರದಲ್ಲಿದೆ, ಗ್ರಂಥದ ಕನ್ನಡಕ್ಕೆ ತಿದ್ದಿಲ್ಲ. 'ಸೈ' ಬಗ್ಗೆ ಉಳಿದವರನ್ನು ಒಪ್ಪಿಸಲು ಆಗಲಿಲ್ಲ. ಅದು ಯಾರೂ ಹೇಳುತ್ತಿಲ್ಲವಲ್ಲ ಅಂದರು.

———

ಮರು:

ಯಾರೂ ಹೇಳುತ್ತಿಲ್ಲ ಅಂತ 'ಸೈ' ಬಿಟ್ಟಿರಿ. ಇಳಿಯೆಣಿಕೆಗೆ ಆದದ್ದೂ ಅದೇ. ಬರೆಯದೆ ಯಾರೂ ಹೇಳುವುದಿಲ್ಲ. 'ಉಡಾವಣೆ' ವಿಷಯ ಇಲ್ಲಿಗೆ ಬಿಡುವುದಿಲ್ಲ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತಿದ್ದೇನೆ, 'ಬದಲಾವಣೆ'ಯನ್ನೂ ಅಲ್ಲಿಗೇ ತನ್ನಿ.